ದಂಡನಾಯಕರ ಮನೆಯ ಹಿರಿಯಳು ಅತ್ತಿಮಬ್ಬೆ

ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಒಂದು ದೇವಾಲಯವಿದೆ. ಅದರ ಹೊರಗೋಡೆಯ ಮೇಲಿನ ಶಿಲಾಬಾಲಿಕೆಯರ ಸಾಲಿನಲ್ಲಿ ಒಬ್ಬಳು ಉಳಿದವರಿಗಿಂತ ಬೇರೆ. ಅವಳು ಕನ್ನಡಿ ನೋಡಿಕೊಳ್ಳುತ್ತಿಲ್ಲ, ಕುಣಿಯುತ್ತಿಲ್ಲ, ನಿಂತು ಬರೆಯುತ್ತಿದ್ದಾಳೆ. ಅವಳ ಕೈಯ ಕೆಳಗಿರುವ ಅಕ್ಷರಗಳು ಆರನೆಯ ವಿಕ್ರಮಾದಿತ್ಯನನ್ನು (೧೦೭೬–೧೧೨೬) ಹೊಗಳುವ ಶಾಸನ. ಬಸವಕಲ್ಯಾಣ, ಮಂಠಾಳ, ನಾರಾಯಣಪುರಗಳ ಕಡೆಯಿಂದ ಜಲಸಂಗಿಗೆ ಹೋಗಿ ಬಂದವರು ಬಹಳ ಕಾಲ ನೆನಪಿನಲ್ಲಿಟ್ಟುಕೊಳ್ಳುವ ಶಿಲ್ಪ ಅದು.

ಅದು ಶಿಲ್ಪಿಯ ಕಲ್ಪನೆಯ ಹೆಣ್ಣು. ಆದರೆ ಆ ಕಲ್ಲು ಕಡೆಯುವುದಕ್ಕೆ ಸುಮಾರು ನೂರು ವರ್ಷ ಮೊದಲೇ, ಅದೇ ಚಾಲುಕ್ಯ ಮನೆತನದ ನೆರಳಿನಲ್ಲಿ, ಅಕ್ಷರವನ್ನೇ ತನ್ನ ಬಾಳಿನ ಕೆಲಸ ಮಾಡಿಕೊಂಡ ನಿಜವಾದ ಹೆಣ್ಣೊಬ್ಬಳು ಬದುಕಿದ್ದಳು. ಆಕೆ ರಾಣಿಯಲ್ಲ, ರಾಜಕುಮಾರಿಯಲ್ಲ. ಸೇನಾನಿಯ ಮಗಳು, ಸೇನಾನಿಯ ಹೆಂಡತಿ, ಸೇನಾನಿಯ ತಾಯಿ. ಹೆಸರು ಅತ್ತಿಮಬ್ಬೆ. ಕನ್ನಡ ನಾಡು ಆಕೆಯನ್ನು ‘ದಾನಚಿಂತಾಮಣಿ’ ಎಂದು ಕರೆಯುತ್ತ ಬಂದಿದೆ.

ಆ ಬಿರುದು ಎಷ್ಟು ಪ್ರಸಿದ್ಧವೆಂದರೆ, ಅದರ ಹಿಂದಿನ ಹೆಣ್ಣು ಮರೆಯಾಗಿಬಿಟ್ಟಿದ್ದಾಳೆ. ಶಾಲೆಯ ಪುಸ್ತಕದಲ್ಲಿ ಅತ್ತಿಮಬ್ಬೆ ಎಂದರೆ ಕೈ ಎತ್ತಿ ದಾನ ಮಾಡಿದ ಪುಣ್ಯವತಿ, ಅಷ್ಟೆ. ಆಕೆ ದಾನ ಮಾಡಿದ್ದು ಯಾವ ಪರಿಸ್ಥಿತಿಯಲ್ಲಿ, ಏನನ್ನು ಕಳೆದುಕೊಂಡ ಮೇಲೆ, ಯಾವ ದಾರಿಯನ್ನು ಬಿಟ್ಟು ಯಾವುದನ್ನು ಹಿಡಿದು ಎಂಬ ಪ್ರಶ್ನೆಗಳನ್ನು ಕೇಳಿದಾಗಲೇ ಆಕೆಯ ದೊಡ್ಡತನ ಅರ್ಥವಾಗುವುದು.

ಯುದ್ಧವೇ ಕಸುಬಾದ ಮನೆ

ಅತ್ತಿಮಬ್ಬೆಯ ತವರಿನ ಮೂಲ ವೆಂಗಿ ನಾಡು, ಅಂದರೆ ಇಂದಿನ ಆಂಧ್ರದ ಕರಾವಳಿ ಪ್ರದೇಶ. ಅಜ್ಜ ನಾಗಮಯ್ಯ. ಆತನ ಮಕ್ಕಳು ಮಲ್ಲಪಯ್ಯ ಮತ್ತು ಪುನ್ನಮಯ್ಯ. ಇಬ್ಬರೂ ಜೈನ ಧರ್ಮದಲ್ಲಿ ಶ್ರದ್ಧೆಯುಳ್ಳವರು, ಇಬ್ಬರೂ ಕತ್ತಿ ಹಿಡಿದವರು. ಪುನ್ನಮಯ್ಯ ಕಾವೇರಿಯ ತೀರದಲ್ಲಿ ಹೋರಾಡುತ್ತ ಮಡಿದ. ಮಲ್ಲಪಯ್ಯನ ಮಗಳೇ ಅತ್ತಿಮಬ್ಬೆ. ಗುಂಡಮಬ್ಬೆ ಆಕೆಯ ತಂಗಿ.

ಆ ಕಾಲ ಹೇಗಿತ್ತು ಎಂಬುದನ್ನು ಸ್ವಲ್ಪ ತಿಳಿಯಬೇಕು. ಎರಡು ಶತಮಾನಗಳಿಗೂ ಹೆಚ್ಚು ಕಾಲ ದಖ್ಖನ್ನನ್ನು ಆಳಿದ ರಾಷ್ಟ್ರಕೂಟರ ಸಾಮ್ರಾಜ್ಯ ಕ್ರಿ.ಶ. ೯೭೩ರಲ್ಲಿ ಮುರಿದು ಬಿತ್ತು. ಅವರ ಅಧೀನನಾಗಿದ್ದ ಎರಡನೆಯ ತೈಲಪ ತನ್ನ ಒಡೆಯ ಎರಡನೆಯ ಕರ್ಕನನ್ನು ಸೋಲಿಸಿ ಸಿಂಹಾಸನ ಹಿಡಿದ. ಚಾಲುಕ್ಯರ ಹೆಸರು ಮತ್ತೆ ತಲೆಯೆತ್ತಿತು. ನಾವು ಇಂದು ‘ಕಲ್ಯಾಣ ಚಾಲುಕ್ಯರು’ ಎನ್ನುತ್ತೇವೆ, ನಿಜ. ಆದರೆ ತೈಲಪನ ಕಾಲದಲ್ಲಿ ಕಲ್ಯಾಣ ಇನ್ನೂ ರಾಜಧಾನಿಯಾಗಿರಲಿಲ್ಲ. ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕಲ್ಯಾಣಕ್ಕೆ ಆ ಪಟ್ಟ ದೊರೆತದ್ದು ತೈಲಪನ ನಂತರ, ಒಂದನೆಯ ಸೋಮೇಶ್ವರನ (೧೦೪೨–೧೦೬೮) ಕಾಲದಲ್ಲಿ. ಅತ್ತಿಮಬ್ಬೆ ಕಂಡದ್ದು ಕಲ್ಯಾಣದ ವೈಭವವನ್ನಲ್ಲ, ಆ ವೈಭವಕ್ಕೆ ತಳಪಾಯ ಹಾಕಿದ ರಕ್ತದ ದಿನಗಳನ್ನು.

ಹೊಸದಾಗಿ ಬಂದ ರಾಜ್ಯಕ್ಕೆ ಸುತ್ತಲೂ ಹಗೆಗಳು. ದಕ್ಷಿಣದಲ್ಲಿ ಗಂಗ ಪಾಂಚಲದೇವ, ಉತ್ತರದಲ್ಲಿ ಮಾಳವದ ಪರಮಾರ ಮುಂಜ, ಪಶ್ಚಿಮದಲ್ಲಿ ಕೊಂಕಣದ ಶಿಲಾಹಾರರು, ದಕ್ಷಿಣದಲ್ಲೇ ಇನ್ನೂ ಆಚೆ ಬೆಳೆಯುತ್ತಿದ್ದ ಚೋಳರು. ತೈಲಪನ ಇಪ್ಪತ್ತನಾಲ್ಕು ವರ್ಷಗಳ ಆಳ್ವಿಕೆಯಲ್ಲಿ ಸೈನ್ಯಕ್ಕೆ ಬಿಡುವಿದ್ದ ವರ್ಷಗಳು ಕಡಿಮೆ. ಇಂಥ ರಾಜ್ಯಕ್ಕೆ ಆಧಾರ ನಂಬಿಕೆಯ ದಂಡನಾಯಕರ ಮನೆಗಳು. ಅಂಥ ಮನೆಗಳು ಒಂದಕ್ಕೊಂದು ಬೀಗತನ ಬೆಳೆಸಿ ಗಟ್ಟಿಯಾಗುತ್ತಿದ್ದವು.

ಮಲ್ಲಪಯ್ಯ ಮಾಡಿದ್ದೂ ಅದನ್ನೇ. ತೈಲಪನ ಮಹಾಮಂತ್ರಿ ಧಲ್ಲಪ. ಆತನ ಮಗ ನಾಗದೇವ ಸಾಹಸಿ ಸೇನಾನಿ. ತೈಲಪನ ಕಾಲದ ಕದನಗಳಲ್ಲೂ, ಯುವರಾಜ ಇರಿವಬೆಡಂಗ ಸತ್ಯಾಶ್ರಯನ ಜೊತೆಗೂ ಹೋರಾಡಿ ಹೆಸರು ಮಾಡಿದವನು. ಮಲ್ಲಪಯ್ಯ ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ಅವನಿಗೇ ಧಾರೆಯೆರೆದು ಕೊಟ್ಟ. ಅಕ್ಕತಂಗಿಯರು ಸವತಿಯರಾದರು. ಒಂದು ಮನೆಯ ಎರಡು ದೀಪಗಳು ಇನ್ನೊಂದು ಮನೆಯನ್ನು ಬೆಳಗಲು ಹೋದವು.

ಅತ್ತಿಮಬ್ಬೆಗೆ ಒಬ್ಬ ಮಗ ಹುಟ್ಟಿದ. ಅಣ್ಣಿಗದೇವ ಎಂದು ಹೆಸರು. ‘ಪಡೆವಳ ತೈಲ’ ಎಂಬುದು ಅವನ ಇನ್ನೊಂದು ಹೆಸರು. ಪಡೆವಳ ಎಂದರೆ ಪಡೆಯ ಒಡೆಯ; ತೈಲ ಎಂಬುದು ದೊರೆಯ ಹೆಸರು. ಆ ಮನೆಗೂ ಅರಮನೆಗೂ ಎಷ್ಟು ನಂಟಿತ್ತು ಎಂಬುದನ್ನು ಆ ಎರಡು ಪದಗಳೇ ಹೇಳುತ್ತವೆ.

ಒಂದು ಸಾವು, ಎರಡು ದಾರಿ

ನಾಗದೇವ ಹೆಚ್ಚು ಕಾಲ ಬದುಕಲಿಲ್ಲ. ಆತ ತೀರಿಕೊಂಡಾಗ ಮಗ ಇನ್ನೂ ಚಿಕ್ಕವನು. ಅಕ್ಕತಂಗಿಯರು ಒಂದೇ ದಿನ ವಿಧವೆಯರಾದರು. ಅಲ್ಲಿಂದ ಅವರ ದಾರಿಗಳು ಬೇರೆಯಾದವು. ತಂಗಿ ಗುಂಡಮಬ್ಬೆ ಗಂಡನ ಜೊತೆ ಸಹಗಮನ ಮಾಡಿದಳು. ಅಕ್ಕ ಅತ್ತಿಮಬ್ಬೆ ಬದುಕಿ ಉಳಿದಳು.

ಈ ಎರಡು ವಾಕ್ಯಗಳನ್ನು ಸುಲಭವಾಗಿ ಓದಿ ಮುಂದೆ ಹೋಗಿಬಿಡಬಹುದು. ಹಾಗೆ ಹೋಗಬಾರದು. ಆ ಕಾಲದ ಕರ್ನಾಟಕದಲ್ಲಿ ಹೆಣ್ಣಿನ ಹೆಸರು ಕಲ್ಲಿನಲ್ಲಿ ಉಳಿಯಲು ಒಂದು ಸುಲಭ ದಾರಿಯಿತ್ತು, ಅದು ಸಾಯುವುದು. ನಾಡಿನ ಊರೂರುಗಳಲ್ಲಿ ಇಂದಿಗೂ ಮಾಸ್ತಿಕಲ್ಲುಗಳು ನಿಂತಿವೆ. ಬಳೆ ತೊಟ್ಟ ತೋಳು ಮೇಲೆತ್ತಿದ ಕೈ, ಅದರಲ್ಲಿ ನಿಂಬೆಹಣ್ಣು. ಅದೇ ಆ ಹೆಣ್ಣಿನ ಇಡೀ ಬದುಕಿನ ಗುರುತು. ಮೈಸೂರು ಸೀಮೆಯ ಬೆಳತೂರಿನಲ್ಲಿ ೧೦೫೭ರ ಒಂದು ಶಾಸನವಿದೆ. ದೇಕಬ್ಬೆ ಎಂಬ ಹೆಣ್ಣು, ತಂದೆತಾಯಿ ಬೇಡವೆಂದು ಅಂಗಲಾಚಿದರೂ ಕೇಳದೆ, ಗಂಡನ ಸಾವಿನ ಸುದ್ದಿ ಕೇಳಿ ಬೆಂಕಿಗೆ ಹಾರಿದ ಕಥೆಯನ್ನು ಅದು ಕಾವ್ಯದಂತೆ ಹೇಳುತ್ತದೆ. ಓದಿದವರ ಕಣ್ಣು ಒದ್ದೆಯಾಗುತ್ತದೆ. ಆದರೆ ಆ ಬೆಂಕಿಯಿಂದ ಹಿಂದೆ ಸರಿದು ಮನೆಗೆ ಮರಳಿದ ಹೆಣ್ಣಿಗೆ ಯಾರೂ ಕಲ್ಲು ನೆಡಲಿಲ್ಲ.

ಹಾಗೆಂದು ಬದುಕುವುದಕ್ಕೆ ದಾರಿಯೇ ಇರಲಿಲ್ಲವೆಂದಲ್ಲ. ಅತ್ತಿಮಬ್ಬೆಗಿಂತ ಎರಡು ತಲೆಮಾರು ಮೊದಲು, ರಾಷ್ಟ್ರಕೂಟರ ಕಾಲದಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡ ನಾಗಾರ್ಜುನ ತೀರಿಕೊಂಡಾಗ ಅವನ ಹೆಂಡತಿ ಜಕ್ಕಿಯಬ್ಬೆ ಅದೇ ಅಧಿಕಾರವನ್ನು ವಹಿಸಿಕೊಂಡು ನಾಡನ್ನು ಆಳಿದಳು. ಕಾಯಿಲೆ ಬಿದ್ದಾಗ ಮಗಳಿಗೆ ಹೊಣೆ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು. ಚಾಲುಕ್ಯರ ಮನೆಯಲ್ಲೇ ಮುಂದಿನ ತಲೆಮಾರಿನ ಅಕ್ಕಾದೇವಿ ಕಿಸುಕಾಡು ಎಪ್ಪತ್ತನ್ನು ಆಳಿದಳು. ೧೦೪೭ರಲ್ಲಿ ಗೋಕಾಗೆ ಕೋಟೆಗೆ, ಅಂದರೆ ಇಂದಿನ ಗೋಕಾಕಕ್ಕೆ, ಮುತ್ತಿಗೆ ಹಾಕಿದಳು. ಅತ್ತಿಮಬ್ಬೆ ಈ ಇಬ್ಬರ ನಡುವಿನ ಕೊಂಡಿ.

ಜೈನ ಧರ್ಮದ ದೃಷ್ಟಿಯೂ ಇಲ್ಲಿ ಕೆಲಸ ಮಾಡಿರಬೇಕು. ದುಃಖದ ಆವೇಗದಲ್ಲಿ ದೇಹವನ್ನು ಸುಟ್ಟುಕೊಳ್ಳುವುದನ್ನು ಆ ಧರ್ಮ ಮೆಚ್ಚುವುದಿಲ್ಲ. ಸಲ್ಲೇಖನ ಬೇರೆ, ಅದು ಬಾಳು ಮಾಗಿದ ಮೇಲೆ ಶಾಂತವಾಗಿ ಕೈಗೊಳ್ಳುವ ವ್ರತ. ಆದರೆ ಇಬ್ಬರೂ ಒಂದೇ ಧರ್ಮದ, ಒಂದೇ ತಂದೆಯ ಮಕ್ಕಳು. ಒಬ್ಬಳು ಬೆಂಕಿಯ ಕಡೆ ನಡೆದಳು, ಇನ್ನೊಬ್ಬಳು ನಡೆಯಲಿಲ್ಲ. ಆದ್ದರಿಂದ ಧರ್ಮವೊಂದೇ ಕಾರಣ ಎನ್ನುವಂತಿಲ್ಲ. ಎದುರಿಗೆ ಬೆಳೆಯಬೇಕಾದ ಮಗನಿದ್ದ. ಹಿಂದೆ ಎರಡು ಮನೆತನಗಳ ಆಸ್ತಿಯ ಹೊಣೆಯಿತ್ತು. ಅತ್ತಿಮಬ್ಬೆ ವ್ರತ ನಿಯಮಗಳಿಂದ ದೇಹವನ್ನು ದಂಡಿಸಿದಳು. ಜೀವವನ್ನು ಮಾತ್ರ ಕೆಲಸಕ್ಕಾಗಿ ಉಳಿಸಿಕೊಂಡಳು.

ಸಾವಿರ ಪ್ರತಿಗಳ ಲೆಕ್ಕ

ಅತ್ತಿಮಬ್ಬೆ ಮಾಡಿಸಿದ ಕೆಲಸಗಳಲ್ಲಿ ಎಲ್ಲಕ್ಕಿಂತ ವಿಶಿಷ್ಟವಾದದ್ದು ಪುಸ್ತಕದ ಕೆಲಸ. ಕವಿ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಆಕೆ ಹಂಚಿದಳು ಎಂಬುದು ಕನ್ನಡ ಸಾಹಿತ್ಯ ಚರಿತ್ರೆಯ ಪ್ರಸಿದ್ಧ ಸಂಗತಿ.

ಆ ಕಾವ್ಯವೇ ಏಕೆ? ಅದಕ್ಕೂ ಕಾರಣವಿದೆ. ಪೊನ್ನ ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಸ್ಥಾನದ ದೊಡ್ಡ ಕವಿ. ಆದರೆ ‘ಶಾಂತಿಪುರಾಣ’ವನ್ನು ಬರೆಸಿದವರು ಮಲ್ಲಪಯ್ಯ ಮತ್ತು ಪುನ್ನಮಯ್ಯ, ಅಂದರೆ ಅತ್ತಿಮಬ್ಬೆಯ ತಂದೆ ಮತ್ತು ಚಿಕ್ಕಪ್ಪ. ತಮ್ಮ ಗುರು ಜಿನಚಂದ್ರರ ನೆನಪಿಗಾಗಿ ಹದಿನಾರನೆಯ ತೀರ್ಥಂಕರ ಶಾಂತಿನಾಥನ ಚರಿತೆಯನ್ನು ಅವರು ಬರೆಸಿದ್ದರು. ಹೀಗೆ ಅದು ಆಕೆಗೆ ತವರಿನ ಪುಸ್ತಕ. ತವರಿನಿಂದ ಬಂದ ಒಡವೆಯನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಬದಲು ಸಾವಿರ ಮಾಡಿ ಹಂಚಿದ ಹಾಗೆ.

ಇಂದು ಸಾವಿರ ಪ್ರತಿ ಎಂದರೆ ಅಚ್ಚುಕೂಟದ ಒಂದು ದಿನದ ಕೆಲಸ. ಹತ್ತನೆಯ ಶತಮಾನದಲ್ಲಿ ಅದು ಏನಾಗಿತ್ತು ಎಂದು ಯೋಚಿಸಬೇಕು. ಬರೆಯಲು ಬೇಕಾದದ್ದು ತಾಳೆಗರಿ. ಅದರಲ್ಲಿ ಒಳ್ಳೆಯದಾದ ಶ್ರೀತಾಳೆ ಬೆಳೆಯುವುದು ಕರಾವಳಿ ಮತ್ತು ಘಟ್ಟದ ಕಡೆ; ಬಯಲುಸೀಮೆಗೆ ಅದನ್ನು ದೂರದಿಂದ ತರಬೇಕು. ತಂದ ಗರಿಯನ್ನು ಸೀಳಿ, ನೀರಿನಲ್ಲಿ ಕುದಿಸಿ, ನೆರಳಲ್ಲಿ ಒಣಗಿಸಿ, ಉಜ್ಜಿ ನಯಗೊಳಿಸಿ, ಒಂದೇ ಅಳತೆಗೆ ಕತ್ತರಿಸಿ, ದಾರ ಪೋಣಿಸಲು ತೂತು ಕೊರೆಯಬೇಕು. ಆಮೇಲೆ ಲಿಪಿಕಾರ ಕಬ್ಬಿಣದ ಕಂಠದಿಂದ ಅಕ್ಷರಗಳನ್ನು ಕೊರೆಯುತ್ತಾನೆ. ಕೊರೆದದ್ದು ಕಣ್ಣಿಗೆ ಕಾಣಬೇಕಾದರೆ ಅದರ ಮೇಲೆ ಮಸಿ ತೀಡಬೇಕು. ಕೊನೆಗೆ ಮರದ ಹಲಗೆಗಳ ನಡುವೆ ಇಟ್ಟು ಕಟ್ಟಬೇಕು.

ಒಂದು ಪ್ರತಿಗೆ ಒಬ್ಬ ಲಿಪಿಕಾರನಿಗೆ ಎರಡು ತಿಂಗಳು ಹಿಡಿಯಿತು ಎಂದಿಟ್ಟುಕೊಳ್ಳೋಣ. ಆಗ ಸಾವಿರ ಪ್ರತಿಗೆ ಎರಡು ಸಾವಿರ ತಿಂಗಳು ಬೇಕು. ಐವತ್ತು ಜನ ಲಿಪಿಕಾರರು ಬಿಡುವಿಲ್ಲದೆ ಕುಳಿತರೂ ಮೂರು ವರ್ಷ ದಾಟುತ್ತದೆ. ಅಷ್ಟೂ ದಿನ ಅವರಿಗೆ ಊಟ, ಬಟ್ಟೆ, ಕೂಲಿ, ಇರಲು ಜಾಗ ಬೇಕು. ಗರಿ ತರುವವರು, ಹದ ಮಾಡುವವರು, ತಪ್ಪು ತಿದ್ದುವವರು ಬೇರೆ. ಇದು ಹಬ್ಬದ ದಿನ ಕೈಯೆತ್ತಿ ಕೊಟ್ಟ ದಾನವಲ್ಲ. ವರ್ಷಗಟ್ಟಲೆ ನಡೆಸಿದ ಒಂದು ಕಾರ್ಯಾಲಯ. ದಂಡಿಗೆ ದವಸ, ಮೇವು, ಎತ್ತುಗಾಡಿ ಒದಗಿಸುವ ಮನೆಯಲ್ಲಿ ಬೆಳೆದವಳಿಗೆ ಇಂಥ ಏರ್ಪಾಟು ಹೊಸದೇನೂ ಆಗಿರಲಾರದು.

ಜೈನರಲ್ಲಿ ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ನಾಲ್ಕು ದಾನಗಳು. ಶಾಸ್ತ್ರದಾನ ಎಂದರೆ ಪುಸ್ತಕದಾನ. ಅದರ ಬೆಲೆ ಎಂಥದು ಎಂಬುದನ್ನು ಉಳಿಯದೆ ಹೋದ ಪುಸ್ತಕಗಳೇ ಹೇಳುತ್ತವೆ. ಪೊನ್ನನ ‘ಭುವನೈಕ ರಾಮಾಭ್ಯುದಯ’ ನಮಗೆ ಸಿಕ್ಕಿಲ್ಲ. ರನ್ನನ ‘ಪರಶುರಾಮ ಚರಿತೆ’, ‘ಚಕ್ರೇಶ್ವರ ಚರಿತೆ’ ಸಿಕ್ಕಿಲ್ಲ. ತಾಳೆಗರಿಗೆ ಗೆದ್ದಲು, ತೇವ, ಬೆಂಕಿ ಎಲ್ಲವೂ ಶತ್ರು. ಕೆಲವು ತಲೆಮಾರಿಗೊಮ್ಮೆ ಯಾರಾದರೂ ಮತ್ತೆ ಬರೆಸದಿದ್ದರೆ ಕಾವ್ಯ ಸತ್ತುಹೋಗುತ್ತದೆ. ‘ಶಾಂತಿಪುರಾಣ’ ಮಾತ್ರ ಇಂದಿಗೂ ನಮ್ಮ ಕೈಯಲ್ಲಿದೆ.

ರನ್ನನ ಮಗಳ ಹೆಸರು

ಹಳೆಯ ಪುಸ್ತಕವನ್ನು ಉಳಿಸಿದ್ದಷ್ಟೇ ಅಲ್ಲ, ಅತ್ತಿಮಬ್ಬೆ ಹೊಸದನ್ನೂ ಬರೆಸಿದಳು. ಮುದುವೊಳಲು, ಅಂದರೆ ಇಂದಿನ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ವಿದ್ಯೆಗಾಗಿ ಗಂಗರ ನಾಡಿಗೆ ಹೋಗಿ, ಚಾವುಂಡರಾಯನ ಆಶ್ರಯದಲ್ಲಿ, ಅಜಿತಸೇನಾಚಾರ್ಯರ ಬಳಿ ಕಲಿತು ದೊಡ್ಡವನಾದ. ಚಾಲುಕ್ಯರ ಆಸ್ಥಾನದಲ್ಲಿ ‘ಕವಿಚಕ್ರವರ್ತಿ’ ಎನಿಸಿದ. ಆತನಿಂದ ಅತ್ತಿಮಬ್ಬೆ ‘ಅಜಿತಪುರಾಣ’ವನ್ನು ಬರೆಸಿದಳು. ಹನ್ನೆರಡು ಆಶ್ವಾಸಗಳ ಆ ಕಾವ್ಯ ಮುಗಿದದ್ದು ೯೯೩ರಲ್ಲಿ.

ಎರಡನೆಯ ತೀರ್ಥಂಕರ ಅಜಿತನಾಥನ ಚರಿತೆಯ ಜೊತೆಗೆ ಅದರಲ್ಲಿ ಸಗರ ಚಕ್ರವರ್ತಿಯ ಕಥೆಯೂ ಬರುತ್ತದೆ. ಅರವತ್ತು ಸಾವಿರ ಮಕ್ಕಳನ್ನು ಕಳೆದುಕೊಂಡ ತಂದೆ ಲೋಕದ ಮೇಲಿನ ಆಸೆ ಬಿಟ್ಟು ವೈರಾಗ್ಯಕ್ಕೆ ತಿರುಗುವ ಕಥೆ ಅದು. ಸಾವು ಅರಸನನ್ನೂ ಬಿಡದು, ಆಳನ್ನೂ ಬಿಡದು ಎಂಬುದೇ ಅದರ ತಿರುಳು. ಆ ಕಾವ್ಯವನ್ನು ಮೊದಲು ಕೇಳಿದ ಮನೆಯಲ್ಲಿ ಚಿಕ್ಕಪ್ಪ ಯುದ್ಧದಲ್ಲಿ ಸತ್ತಿದ್ದ, ಗಂಡ ಅಕಾಲದಲ್ಲಿ ಹೋಗಿದ್ದ, ತಂಗಿ ಚಿತೆ ಏರಿದ್ದಳು. ಅಂಥ ಮನೆಗೆ ಇದು ಬರಿಯ ಪುರಾಣವಾಗಿರಲಾರದು.

ರನ್ನ ತನ್ನ ಕಾವ್ಯದಲ್ಲಿ ಆಶ್ರಯದಾತೆಯ ಮನೆತನದ ಚರಿತ್ರೆಯನ್ನು ವಿವರವಾಗಿ ಹೇಳುತ್ತಾನೆ. ಅತ್ತಿಮಬ್ಬೆಯ ನಡತೆಯ ಶುಚಿತ್ವವನ್ನು ಅರಳೆಗೆ, ಗಂಗೆಗೆ, ತನ್ನ ಗುರುವಿನ ಗುಣಕ್ಕೆ, ಜೈನರ ಪವಿತ್ರಕ್ಷೇತ್ರವಾದ ಕೊಪಣಕ್ಕೆ ಹೋಲಿಸುತ್ತಾನೆ. ಆಸ್ಥಾನ ಕವಿಗಳು ಆಶ್ರಯದಾತರನ್ನು ಹೊಗಳುವುದು ವಾಡಿಕೆಯೇ. ಆದರೆ ರನ್ನ ಒಂದು ಹೆಜ್ಜೆ ಮುಂದೆ ಹೋದ. ತನ್ನ ಮಗನಿಗೆ ಚಾವುಂಡರಾಯನ ನೆನಪಿನಲ್ಲಿ ರಾಯ ಎಂದೂ, ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ. ಹೊಗಳಿಕೆಯನ್ನು ಹಣಕ್ಕಾಗಿ ಬರೆಯಬಹುದು. ಮಗಳನ್ನು ದಿನಾ ಕರೆಯುವ ಹೆಸರನ್ನು ಯಾರೂ ಹಣಕ್ಕಾಗಿ ಇಡುವುದಿಲ್ಲ.

ಕಟಕದ ಹೆಣ್ಣು

ಅತ್ತಿಮಬ್ಬೆಗೆ ದೊರೆತ ಬಿರುದುಗಳಲ್ಲಿ ‘ದಾನಚಿಂತಾಮಣಿ’ ಎಲ್ಲರಿಗೂ ಗೊತ್ತು. ಹೆಚ್ಚು ಮಂದಿ ಗಮನಿಸದ ಇನ್ನೆರಡು ಬಿರುದುಗಳಿವೆ. ಒಂದು ‘ಕಟಕ ಪವಿತ್ರೆ’. ಕಟಕ ಎಂದರೆ ಸೈನ್ಯ, ಸೈನ್ಯ ಬೀಡುಬಿಟ್ಟ ಜಾಗ, ರಾಜಧಾನಿ. ದಂಡಿನ ಪಾಳೆಯವನ್ನೇ ಪವಿತ್ರ ಮಾಡಿದವಳು ಎಂದು ಅರ್ಥ. ಇನ್ನೊಂದು ‘ಗುಣದಂಕಕಾರ್ತಿ’. ಅಂಕಕಾರ ಎಂದರೆ ಪಂಥ ಕಟ್ಟಿ ಹೋರಾಡುವ ವೀರ. ಗುಣದ ಕಾಳಗದಲ್ಲಿ ಗೆಲ್ಲುವ ವೀರೆ ಎಂದು ಅದರ ಭಾವ. ಎರಡೂ ಪಾಳೆಯದ ಮಾತುಗಳು. ಬಸದಿಯಲ್ಲಿ ಕುಳಿತ ಮುನಿಗಳಿಗೆ ಸಹಜವಾಗಿ ಹೊಳೆಯುವ ಪದಗಳಲ್ಲ. ಸೈನಿಕರ ನಡುವೆ ಹುಟ್ಟಿದವು.

ಲಕ್ಕುಂಡಿಯ ಶಾಸನ ಆಕೆಯ ಬಗ್ಗೆ ಹೇಳುವ ಪವಾಡಗಳನ್ನು ಈ ಬೆಳಕಿನಲ್ಲಿ ಓದಿದರೆ ಇನ್ನೊಂದು ಅರ್ಥ ಹೊಳೆಯುತ್ತದೆ. ತುಂಬಿ ಹರಿಯುತ್ತಿದ್ದ ಗೋದಾವರಿ ಆಕೆ ಜಿನಬಿಂಬವನ್ನು ಹೊತ್ತು ಇಳಿದಾಗ ತಗ್ಗಿ ದಾರಿ ಬಿಟ್ಟಿತಂತೆ. ಮದವೇರಿ ನುಗ್ಗಿದ ಆನೆ ಆಕೆಯ ಎದುರು ಶಾಂತವಾಯಿತಂತೆ. ಹಬ್ಬುತ್ತಿದ್ದ ಬೆಂಕಿ ಆರಿತಂತೆ. ಶ್ರವಣಬೆಳಗೊಳದ ಗೊಮ್ಮಟನ ದರ್ಶನವಾಗುವವರೆಗೆ ಅನ್ನ ಮುಟ್ಟುವುದಿಲ್ಲವೆಂದು ವ್ರತ ಹಿಡಿದು ಬೆಟ್ಟ ಏರಿ ಬಳಲಿದಾಗ, ಮಳೆಗಾಲವಲ್ಲದಿದ್ದರೂ ಮಳೆ ಬಂದು ತಂಪೆರೆಯಿತಂತೆ.

ಇವನ್ನು ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಆದರೆ ಪವಾಡ ನಡೆದ ಜಾಗಗಳನ್ನು ನೋಡಿ. ತುಂಬಿದ ನದಿ, ಮದಿಸಿದ ಆನೆ, ಹಬ್ಬುವ ಬೆಂಕಿ ಇವು ಮೂರೂ ದಂಡಿನ ಪಾಳೆಯಕ್ಕೆ ನಿತ್ಯದ ಭಯಗಳು. ಗೋದಾವರಿಯಂತೂ ಚಾಲುಕ್ಯರಿಗೂ ಮಾಳವದವರಿಗೂ ನಡುವಿನ ಗಡಿಯಂತಿದ್ದ ಹೊಳೆ. ಅದನ್ನು ದಾಟಿ ದಕ್ಷಿಣಕ್ಕೆ ಬಂದ ಮುಂಜ ತೈಲಪನ ಕೈಗೆ ಸಿಕ್ಕಿ ಪ್ರಾಣ ಕಳೆದುಕೊಂಡ. ಅಂಥ ಗಡಿಯ ಕಥೆಯಲ್ಲಿ ದಂಡನಾಯಕನ ಮನೆಯ ಹೆಣ್ಣಿನ ಹೆಸರು ಸೇರಿಕೊಂಡಿದೆ ಎಂದರೆ, ಆಕೆ ಅಂತಃಪುರದ ಒಳಗೆ ಮಾತ್ರ ಇದ್ದವಳಲ್ಲ, ಪಾಳೆಯದ ಜನ ಕಂಡು ನಂಬಿದವಳು ಎಂದು ಊಹಿಸಬಹುದು. ಭಯದ ಹೊತ್ತಿನಲ್ಲಿ ಧೈರ್ಯ ಹೇಳಿದವರ ಸುತ್ತಲೇ ಜನ ಪವಾಡದ ಕಥೆ ಕಟ್ಟುವುದು.

ಚೋಳರು ಬಂದ ವರ್ಷ

ತೈಲಪ ೯೯೭ರಲ್ಲಿ ತೀರಿಕೊಂಡ. ಮಗ ಸತ್ಯಾಶ್ರಯ ಪಟ್ಟಕ್ಕೆ ಬಂದ. ಅಷ್ಟರಲ್ಲಿ ಅಣ್ಣಿಗದೇವ ಬೆಳೆದು ಅಧಿಕಾರಿಯಾಗಿ ಮಾಸವಾಡಿ ನೂರನಲ್ವತ್ತನ್ನು ಆಳುವವನಾಗಿದ್ದ. ಲೊಕ್ಕಿಗುಂಡಿ, ಅಂದರೆ ಇಂದಿನ ಗದಗ ಜಿಲ್ಲೆಯ ಲಕ್ಕುಂಡಿ, ಆ ನಾಡಿನ ದೊಡ್ಡ ಪಟ್ಟಣ. ‘ಲೊಕ್ಕಿ ಗದ್ಯಾಣ’ ಎಂಬ ನಾಣ್ಯದ ಹೆಸರು ಆ ಊರಿನಿಂದಲೇ ಬಂದದ್ದು. ತಂದೆಯಿಲ್ಲದ ಮಗನನ್ನು ಆ ಸ್ಥಾನದವರೆಗೆ ತಂದವಳು ತಾಯಿ.

ಅಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿಯೇ ಬ್ರಹ್ಮ ಜಿನಾಲಯ. ಅದರ ಶಾಸನ ಶಕವರ್ಷ ೯೨೯ರದು, ಅಂದರೆ ೧೦೦೭. ಬಸದಿ ನಡೆಯಲು ಭೂಮಿಯ ದತ್ತಿ ಬಿಟ್ಟು, ಸೂರಸ್ಥಗಣದ ಅರ್ಹಣಂದಿ ಪಂಡಿತರಿಗೆ ಅದನ್ನು ಒಪ್ಪಿಸಲಾಯಿತು. ಕಟ್ಟಡದ ಕಲ್ಲನ್ನು ಗಮನಿಸಬೇಕು. ಬಾದಾಮಿ, ಪಟ್ಟದಕಲ್ಲುಗಳಲ್ಲಿ ಹಿಂದಿನವರು ಬಳಸುತ್ತಿದ್ದುದು ಒರಟಾದ ಮರಳುಗಲ್ಲು. ಇಲ್ಲಿ ನಯವಾದ, ಕಪ್ಪು ಹಸಿರು ಛಾಯೆಯ ಬಳಪದ ಕಲ್ಲು ಬಂತು. ಈ ಕಲ್ಲನ್ನು ಬಳಸಿದ ಮೊದಮೊದಲಿನ ಕಟ್ಟಡಗಳಲ್ಲಿ ಇದೊಂದು ಎಂದು ಕಲಾ ಇತಿಹಾಸಕಾರರು ಗುರುತಿಸುತ್ತಾರೆ. ಇಟಗಿ, ಡಂಬಳಗಳ ಕುಸುರಿ ಕೆಲಸ, ಅದಕ್ಕೂ ಮುಂದೆ ಬೇಲೂರು ಹಳೇಬೀಡುಗಳ ಬೆರಗು ಸಾಧ್ಯವಾದದ್ದು ಇಂಥ ಮೆದುಗಲ್ಲಿನಿಂದಲೇ. ಒಳಗೆ ನಾಲ್ಕು ಮುಖದ ಬ್ರಹ್ಮ ಮತ್ತು ಪದ್ಮಾವತಿಯ ಸುಂದರ ವಿಗ್ರಹಗಳಿವೆ.

ಆ ವರ್ಷದ ಇನ್ನೊಂದು ಶಾಸನವನ್ನು ಪಕ್ಕದಲ್ಲಿಟ್ಟು ಓದಬೇಕು. ಇಂದಿನ ಹಾವೇರಿ ಜಿಲ್ಲೆಯ ಹೊಟ್ಟೂರಿನಲ್ಲಿ ಅದೇ ಶಕವರ್ಷ ೯೨೯ರ ಶಾಸನವಿದೆ. ಚೋಳರ ಸೈನ್ಯ ಒಂಬತ್ತು ಲಕ್ಷದ ದಂಡು ಕಟ್ಟಿಕೊಂಡು ಬಂದು ನಾಡನ್ನು ಸೂರೆ ಮಾಡಿತು, ಹೆಂಗಸರು ಮಕ್ಕಳೆನ್ನದೆ ಕೊಂದಿತು, ಕೊನೆಗೆ ಸತ್ಯಾಶ್ರಯ ಅದನ್ನು ಹಿಮ್ಮೆಟ್ಟಿಸಿ ‘ತಿಗುಳಮಾರಿ’ ಎನಿಸಿದ ಎಂದು ಅದು ಹೇಳುತ್ತದೆ. ಒಂಬತ್ತು ಲಕ್ಷ ಎಂಬುದು ಅತಿಶಯೋಕ್ತಿ ಇರಬಹುದು. ಆದರೆ ನಾಡು ಹೊತ್ತಿ ಉರಿದದ್ದು ನಿಜ. ಅದೇ ಕಾಲದಲ್ಲಿ, ಹಳೆಯ ಧಾರವಾಡ ಜಿಲ್ಲೆಯ ಒಳಗೇ, ಒಬ್ಬ ವಯಸ್ಸಾದ ವಿಧವೆ ಕಲ್ಲುಕುಟಿಗರಿಗೆ ಕೂಲಿ ಕೊಟ್ಟು ಬಸದಿಯನ್ನು ಪೂರ್ತಿ ಮಾಡಿಸಿದಳು.

ಆಕೆ ಕೊಟ್ಟದ್ದು ಇದೊಂದೇ ಅಲ್ಲ. ಚಿನ್ನ ರತ್ನಗಳ ಜಿನಬಿಂಬಗಳು, ಬಸದಿಗಳು ಎಂದು ಹೇಳುವಾಗ ಸಾವಿರದ ಐನೂರು ಎಂಬ ಸಂಖ್ಯೆ ಮತ್ತೆ ಮತ್ತೆ ಬರುತ್ತದೆ. ಎಣಿಸಿ ಬರೆದ ಲೆಕ್ಕಕ್ಕಿಂತ ‘ಎಣಿಸಲಾಗದಷ್ಟು’ ಎಂಬ ಭಾವ ಅದರಲ್ಲಿ ಇರಬಹುದು. ರಾಜ್ಯ ಕೈಬದಲಾದ ೯೭೩ರಿಂದ ಬಸದಿಯ ಶಾಸನ ಬರೆಸಿದ ೧೦೦೭ರವರೆಗೆ ಲೆಕ್ಕ ಹಾಕಿದರೆ ಮೂವತ್ತನಾಲ್ಕು ವರ್ಷ. ತಂದೆ, ಗಂಡ, ಮಗ ಎಂದು ಮೂರು ತಲೆಮಾರಿನ ಸೇನಾನಿಗಳ ಮನೆಯನ್ನು ಕಂಡ, ನಡೆಸಿದ ಬಾಳು ಅದು.

ಯಾರ ಹಣ, ಯಾರ ಹೆಸರು

ಅತ್ತಿಮಬ್ಬೆಯನ್ನು ನೆನೆಯುವಾಗ ಒಂದು ಮಾತನ್ನು ಮರೆಮಾಚಬಾರದು. ಆಕೆ ಹಂಚಿದ ಸಂಪತ್ತು ದಂಡನಾಯಕರ ಮನೆಯದು. ನಾಡಿನ ತೆರಿಗೆ, ಯುದ್ಧದ ಸುಲಿಗೆ, ದೊರೆ ಕೊಟ್ಟ ಉಂಬಳಿ ಎಲ್ಲವೂ ಸೇರಿ ಆದ ಐಶ್ವರ್ಯ. ಸತ್ತ ಸೇನಾನಿಯ ಹೆಂಡತಿಗೆ ಬದುಕಿ ಸಾಧಿಸುವ ಅವಕಾಶವನ್ನು ಕೊಟ್ಟದ್ದು ಆ ಐಶ್ವರ್ಯ. ಅದೇ ಕದನದಲ್ಲಿ ಸತ್ತ ಸಾಮಾನ್ಯ ಆಳಿನ ಹೆಂಡತಿಗೆ ಅಂಥ ಅವಕಾಶ ಇರಲಿಲ್ಲ. ಅವಳ ಹೆಸರು ಯಾವ ಶಾಸನದಲ್ಲೂ ಇಲ್ಲ.

ಆದರೆ ಐಶ್ವರ್ಯವಿದ್ದ ವಿಧವೆಯರು ಆ ಕಾಲದಲ್ಲಿ ಆಕೆಯೊಬ್ಬಳೇ ಅಲ್ಲ. ಕತ್ತಿಯಿಂದ ಬಂದದ್ದನ್ನು ಅಕ್ಷರಕ್ಕೆ ಸುರಿಯಬೇಕು ಎಂದು ಆಕೆಗೆ ಹೊಳೆಯಿತು. ಹೊಳೆದದ್ದನ್ನು ವರ್ಷಗಟ್ಟಲೆ ಬಿಡದೆ ಮಾಡಿ ಮುಗಿಸಿದಳು. ನಂತರದ ಕಾಲದ ಶಾಸನಗಳಲ್ಲಿ ದಾನಶೀಲ ಹೆಣ್ಣನ್ನು ಹೊಗಳಬೇಕಾದಾಗ ಅತ್ತಿಮಬ್ಬೆಗೆ ಹೋಲಿಸುವುದು ರೂಢಿಯಾಯಿತು. ಹೊಯ್ಸಳರ ದಂಡನಾಯಕ ಗಂಗರಾಜನ ಹೆಂಡತಿ ಲಕ್ಷ್ಮೀಮತಿಯಂಥ ‘ದಂಡನಾಯಕಿತ್ತಿ’ಯರು ಹನ್ನೆರಡನೆಯ ಶತಮಾನದಲ್ಲಿ ಅದೇ ದಾರಿಯಲ್ಲಿ ನಡೆದರು. ಕರ್ನಾಟಕ ಸರ್ಕಾರ ೧೯೯೦ರ ದಶಕದಲ್ಲಿ ಮಹಿಳಾ ಸಾಧಕಿಯರಿಗಾಗಿ ಸ್ಥಾಪಿಸಿದ ಪ್ರಶಸ್ತಿಗೆ ‘ದಾನಚಿಂತಾಮಣಿ ಅತ್ತಿಮಬ್ಬೆ’ ಎಂದು ಹೆಸರಿಟ್ಟಿತು. ಸಾವಿರ ವರ್ಷದ ಹಿಂದೆ ಪುಸ್ತಕ ಹಂಚಿದವಳ ಹೆಸರಿನಲ್ಲಿ ಇಂದು ಬರಹಗಾರ್ತಿಯರಿಗೆ ಗೌರವ ಸಲ್ಲುವುದು ಯೋಗ್ಯವೇ ಆಗಿದೆ.

ಇನ್ನು ಗುಂಡಮಬ್ಬೆ. ಗಂಡನ ಜೊತೆ ಚಿತೆ ಏರಿದ ತಂಗಿಯ ಬಗ್ಗೆ ನಮಗೆ ಏನಾದರೂ ತಿಳಿದಿದ್ದರೆ ಅದು ‘ಅಜಿತಪುರಾಣ’ದಿಂದ. ಆ ಪುಸ್ತಕವನ್ನು ಬರೆಸಿದವಳು ಬದುಕಿ ಉಳಿದ ಅಕ್ಕ. ಇಬ್ಬರೂ ಅಂದೇ ಹೋಗಿದ್ದರೆ ಬಹುಶಃ ಇಬ್ಬರ ಹೆಸರೂ ಉಳಿಯುತ್ತಿರಲಿಲ್ಲ. ಸತ್ತವಳ ಹೆಸರನ್ನೂ ಉಳಿಸಿದ್ದು ಬದುಕಿದವಳ ಕೆಲಸ.